ಸವೆದ ಚೆಕರಿಂಗ್‌ಗೆ ಮತ್ತೆ ಮೊನೆ ಕೊಡುವುದು

(ಪಿಸ್ತೂಲಿನ ಹಿಡಿಯ ಚೆಕರಿಂಗ್ ಕುರಿತ ಉಪನ್ಯಾಸದ ಬರಹ ರೂಪ)

ಹಿಡಿ ಕೈಯಿಂದ ಜಾರದಿರಲೆಂದು ಅದರ ಮೇಲೆ ಒಂದನ್ನೊಂದು ದಾಟುವ ತೋಡುಗಳನ್ನು ಕೊರೆದು ಮೂಡಿಸಿದ ಪುಟ್ಟ ಮೊನೆಗಳ ಸಾಲೇ ಚೆಕರಿಂಗ್; ಆ ಒಂದೊಂದು ಮೊನೆಯನ್ನೂ ಡೈಮಂಡ್ ಎನ್ನುತ್ತೇವೆ. ಪಿಸ್ತೂಲಿನ ಹಿಡಿಯ ಮೇಲಿನ ಚೆಕರಿಂಗ್ ಸವೆಯುವುದು ಎಂದರೆ ಅದರ ಮೊನೆಗಳು ಹೋಗುವುದು. ತೋಡುಗಳ ತಳ ಬಹುಮಟ್ಟಿಗೆ ಮೊದಲಿದ್ದಂತೆಯೇ ಇರುತ್ತದೆ, ಏಕೆಂದರೆ ಅಂಗೈ ಅಲ್ಲಿಗೆ ತಾಗುವುದೇ ಇಲ್ಲ. ಸವೆದು ಹೋದ ಲೋಹವನ್ನು ಯಾವ ಅರದಿಂದಲೂ ಮರಳಿ ತರಲು ಆಗದು. ನಾವು ಮಾಡಬಹುದಾದದ್ದು ಒಂದೇ: ತೋಡನ್ನು ಇನ್ನಷ್ಟು ಆಳ, ಇನ್ನಷ್ಟು ಅಗಲ ಮಾಡಿ, ಚಪ್ಪಟೆಯಾದ ತಲೆಗಳು ಮತ್ತೆ ಮೊನೆಯಾಗುವಂತೆ ಮಾಡುವುದು. ಹಾಗೆ ಮಾಡಿದಾಗಲೆಲ್ಲ ಫ್ರೇಮಿನ (ಹಿಡಿಯೂ ಸೇರಿದ ಪಿಸ್ತೂಲಿನ ಚೌಕಟ್ಟಿನ) ಗೋಡೆ ಸ್ವಲ್ಪ ತೆಳುವಾಗುತ್ತದೆ. ಆದ್ದರಿಂದ ಈ ಕೆಲಸದ ಮೊದಲ ಪ್ರಶ್ನೆ ‘ಹೇಗೆ ಕೊರೆಯುವುದು’ ಎಂಬುದಲ್ಲ. ‘ಎಷ್ಟು ಲೋಹ ಉಳಿದಿದೆ, ಅದರಲ್ಲಿ ಎಷ್ಟನ್ನು ಖರ್ಚು ಮಾಡಬಹುದು’ ಎಂಬುದು. ಇಂದಿನ ಮಾತೆಲ್ಲ ಈ ಲೆಕ್ಕದ ಸುತ್ತಲೇ ಇರುತ್ತದೆ.

ಗೀರು, ಕೋನ, ಆಳ

ಚೆಕರಿಂಗ್‌ನ ನಯವನ್ನು ಒಂದು ಇಂಚಿಗೆ ಎಷ್ಟು ಗೀರು ಎಂದು ಎಣಿಸುತ್ತಾರೆ. ಲೋಹದ ಫ್ರೇಮಿನಲ್ಲಿ ಹೆಚ್ಚಾಗಿ ಕಾಣುವುದು 20, 25, 30. ಇಪ್ಪತ್ತು ಗೀರಿನದಾದರೆ ಒಂದು ಗೀರಿನಿಂದ ಇನ್ನೊಂದಕ್ಕೆ 1.27 ಮಿ.ಮೀ., ಇಪ್ಪತ್ತೈದರದು ಸುಮಾರು 1.02 ಮಿ.ಮೀ., ಮೂವತ್ತರದು ಸುಮಾರು 0.85 ಮಿ.ಮೀ. ಅಂತರ. 1911 ಎಂಬ ಹೆಸರಿನ ಹಳೆಯ ಅಮೆರಿಕನ್ ಮಾದರಿಯ ಪಿಸ್ತೂಲುಗಳಲ್ಲಿ ಹಿಡಿಯ ಮುಂಬದಿಯ ಗೀರುಗಳು ಸಾಮಾನ್ಯವಾಗಿ ಒಂದಕ್ಕೊಂದು ಲಂಬವಾಗಿ, ಉದ್ದಕ್ಕೂ ಅಡ್ಡಕ್ಕೂ ಹೋಗುತ್ತವೆ. ಹಾಗಾಗಿ ಪ್ರತಿ ಡೈಮಂಡ್ ಒಂದು ಪುಟ್ಟ ಚೌಕ ಪಿರಮಿಡ್. ಹಿಡಿಯ ಎರಡೂ ಬದಿಗೆ ಕೂರಿಸುವ ಮರದ ಪ್ಯಾನೆಲ್ ಮೇಲೆ ಗೀರುಗಳು ಓರೆಯಾಗಿ ದಾಟುವುದರಿಂದ ಡೈಮಂಡ್ ಉದ್ದವಾಗಿರುತ್ತದೆ. ಉದ್ದ ಅಗಲದ ಮೂರು ಪಟ್ಟು ಇದ್ದರೆ ಗೀರುಗಳ ನಡುವಿನ ಕೋನ ಸುಮಾರು 37 ಡಿಗ್ರಿ.

ಗೀರಿನ ಅಂತರದಷ್ಟೇ ಮುಖ್ಯವಾದದ್ದು ತೋಡಿನ ಕೋನ, ಆದರೆ ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ. ತೋಡು 90 ಡಿಗ್ರಿಯದಾಗಿದ್ದರೆ ಪೂರ್ಣ ಮೊನೆ ಬರಲು ಬೇಕಾದ ಆಳ ಅಂತರದ ಅರ್ಧ. ಇಪ್ಪತ್ತು ಗೀರಿನಲ್ಲಿ ಅದು 0.635 ಮಿ.ಮೀ. ತೋಡು 60 ಡಿಗ್ರಿಯದಾದರೆ ಅದೇ ಅಂತರಕ್ಕೆ 1.1 ಮಿ.ಮೀ. ಆಳ ಬೇಕು. ಒಂದೇ ನೋಟ, ಒಂದೇ ಅಂತರ, ಆದರೆ ಗೋಡೆಯಿಂದ ತೆಗೆಯುವ ಲೋಹದಲ್ಲಿ ಅರ್ಧ ಮಿಲಿಮೀಟರಿನಷ್ಟು ವ್ಯತ್ಯಾಸ. ತೆಳು ಗೋಡೆಯಲ್ಲಿ ಇದು ಸಣ್ಣದಲ್ಲ.

ಸವೆದ ಚೆಕರಿಂಗ್‌ಗೆ ಇದೇ ಲೆಕ್ಕವನ್ನು ಹೀಗೆ ಅನ್ವಯಿಸಿ. ಅಳತೆಗೆರೆ ಇರುವ 10 ಪಟ್ಟಿನ ಲೂಪ್ (ಭೂತಗನ್ನಡಿ) ಹಿಡಿದು ಡೈಮಂಡಿನ ತಲೆಯ ಮೇಲಿನ ಚಪ್ಪಟೆ ಭಾಗದ ಅಗಲ ನೋಡಿ. ಅದು 0.3 ಮಿ.ಮೀ. ಇದ್ದರೆ, 90 ಡಿಗ್ರಿ ತೋಡನ್ನು ಇನ್ನೂ 0.15 ಮಿ.ಮೀ. ಇಳಿಸಿದರೆ ಮೊನೆ ಬರುತ್ತದೆ. 60 ಡಿಗ್ರಿ ತೋಡನ್ನು ಅದೇ ಕೋನದಲ್ಲಿ ಇಳಿಸಿದರೆ 0.26 ಮಿ.ಮೀ. ಬೇಕಾಗುತ್ತದೆ. ನೆನಪಿಟ್ಟುಕೊಳ್ಳಲು: 90 ಡಿಗ್ರಿಗೆ ಚಪ್ಪಟೆಯ ಅರ್ಧ, 60 ಡಿಗ್ರಿಗೆ ಚಪ್ಪಟೆಯ 0.87 ಪಾಲು.

ಇಲ್ಲಿಂದಲೇ ಒಂದು ಉಪಯುಕ್ತ ಉಪಾಯ ಹೊರಡುತ್ತದೆ. 60 ಡಿಗ್ರಿಯ ತೋಡಿಗೆ 90 ಡಿಗ್ರಿಯ ಉಪಕರಣ ಇಟ್ಟರೆ ಅದು ತಳಕ್ಕೆ ಮುಟ್ಟುವುದಿಲ್ಲ, ತೋಡಿನ ಮೇಲಂಚುಗಳನ್ನಷ್ಟೇ ಕತ್ತರಿಸುತ್ತದೆ. ಚಪ್ಪಟೆ ಕಿರಿದಾಗುತ್ತದೆ, ಗೋಡೆಯ ದಪ್ಪ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಸವೆತ ಅಲ್ಪವಾಗಿದ್ದರೆ ಇಷ್ಟೇ ಸಾಕು. ಇದಕ್ಕೆ ವಿರುದ್ಧವಾದದ್ದು ತುಂಬಾ ಸಾಮಾನ್ಯವಾದ ತಪ್ಪು: 90 ಡಿಗ್ರಿಯ ತೋಡಿಗೆ ತ್ರಿಕೋನ ಅರ ಇಡುವುದು. ತ್ರಿಕೋನ ನೀಡಲ್ ಫೈಲಿನ (ಸಣ್ಣ, ಸಪೂರ ಅರದ) ಅಂಚು 60 ಡಿಗ್ರಿ. ಅದು ತಳದಲ್ಲಿ ಇನ್ನೊಂದು ಸಣ್ಣ ಸೀಳು ಮಾಡುತ್ತದೆ, ಇಳಿಜಾರನ್ನು ಮುಟ್ಟುವುದಿಲ್ಲ. ಗಂಟೆಗಟ್ಟಲೆ ಉಜ್ಜಿದರೂ ತಲೆಗಳು ಚಪ್ಪಟೆಯಾಗಿಯೇ ಉಳಿಯುತ್ತವೆ, ಗೋಡೆ ಮಾತ್ರ ತೆಳುವಾಗುತ್ತದೆ. 90 ಡಿಗ್ರಿ ಬೇಕಿದ್ದರೆ ಚೌಕ ನೀಡಲ್ ಫೈಲನ್ನು ಮೂಲೆಯ ಮೇಲೆ ನಿಲ್ಲಿಸಿ ಬಳಸಿ. ಅದರ ಮೂಲೆ ಸರಿಯಾಗಿ 90 ಡಿಗ್ರಿ.

ಅಳೆದ ಮೇಲಷ್ಟೇ ಅರ

ಪಿಸ್ತೂಲು ಖಾಲಿಯಿದೆಯೇ ಎಂದು ಮ್ಯಾಗಜೀನ್ ತೆಗೆದು, ಚೇಂಬರ್ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಚಿತಪಡಿಸಿಕೊಳ್ಳಿ. ಗುಂಡುಗಳು ಆ ಕೋಣೆಯಲ್ಲೇ ಇರಬಾರದು. ನಂತರ ಪೂರ್ತಿ ಬಿಚ್ಚಿ: ಸ್ಲೈಡ್, ಬ್ಯಾರಲ್, ಟ್ರಿಗರ್, ಮ್ಯಾಗಜೀನ್ ಕ್ಯಾಚ್, ಸುರಕ್ಷಾ ಕೀಲಿಗಳು, ಮೇನ್‌ಸ್ಪ್ರಿಂಗ್ ಹೌಸಿಂಗ್ (ಹಿಡಿಯ ಹಿಂಬದಿಯ ತುಂಡು), ಗ್ರಿಪ್ ಪ್ಯಾನೆಲ್ ಎಲ್ಲವೂ ಹೊರಗೆ. ಅರದ ಪುಡಿ ಟ್ರಿಗರಿನ ಹಾದಿಯಲ್ಲಿ ಸಿಕ್ಕಿಕೊಂಡರೆ ಅದು ಚೆಕರಿಂಗ್‌ಗಿಂತ ದೊಡ್ಡ ತೊಂದರೆ. ಇನ್ನೊಂದು ಮಾತು: ಕೆಲವು ದೇಶಗಳ ಕಾನೂನಿನಲ್ಲಿ ಕ್ರಮಾಂಕ ಹೊತ್ತ ಫ್ರೇಮೇ ಬಂದೂಕು. ಅದರ ಮೇಲೆ ಕೈಯಾಡಿಸಲು ಯಾರಿಗೆ ಪರವಾನಗಿ ಇರಬೇಕು ಎಂಬುದನ್ನು ಮೊದಲೇ ತಿಳಿದುಕೊಂಡಿರಬೇಕು. ಕ್ರಮಾಂಕಕ್ಕೂ ಮುದ್ರೆಗಳಿಗೂ ಅರ, ಮರಳು ಕಾಗದ, ಪಾಲಿಶ್ ಚಕ್ರ ಯಾವುದೂ ತಾಗಬಾರದು.

ತೊಳೆಯುವ ಮೊದಲು ಸವೆತದ ಬಗ್ಗೆ ತೀರ್ಮಾನ ಬೇಡ. ಹಳೆಯ ಎಣ್ಣೆ, ಬೆವರು, ಧೂಳು ಸೇರಿ ತೋಡುಗಳಲ್ಲಿ ಗಟ್ಟಿಯಾಗಿ ಕೂತಿರುತ್ತವೆ. ಸವೆದಿದೆ ಎಂದು ಬರುವ ಹಿಡಿಗಳಲ್ಲಿ ಕೆಲವು ಬರೀ ತುಂಬಿಕೊಂಡಿರುತ್ತವೆ. ಅಸಿಟೋನ್, ಹಿತ್ತಾಳೆ ಬ್ರಷ್, ಕೊನೆಗೆ ಚೂಪು ಮಾಡಿದ ಮರದ ಕಡ್ಡಿಯಿಂದ ಒಂದೊಂದೇ ಗೀರು ಬಿಡಿಸಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರದಿರಲಿ.

ಈಗ ಗೋಡೆಯ ದಪ್ಪ. ಮ್ಯಾಗಜೀನ್ ಹೋಗುವ ಕಡೆಯಿಂದ ದುಂಡನೆಯ ತುದಿಯ ಮೈಕ್ರೋಮೀಟರ್ ಹಾಕಿ, ಡೈಮಂಡಿನ ತಲೆಯಿಂದ ಒಳಗೋಡೆಯವರೆಗೆ ಅಳೆಯಿರಿ. ಅದರಿಂದ ತೋಡಿನ ಆಳ ಕಳೆಯಿರಿ. ಆಳಕ್ಕೆ ಸೂಜಿ ತುದಿಯ ಡಯಲ್ ಗೇಜ್ ಒಳ್ಳೆಯದು. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ, ಏಕೆಂದರೆ ಗೋಡೆ ಎಲ್ಲೆಡೆ ಒಂದೇ ದಪ್ಪ ಇರುವುದಿಲ್ಲ. ತಲೆಯಿಂದ 2.2 ಮಿ.ಮೀ., ತೋಡು 0.5 ಮಿ.ಮೀ. ಎಂದಿಟ್ಟುಕೊಳ್ಳಿ; ತೋಡಿನ ಕೆಳಗೆ 1.7 ಮಿ.ಮೀ. ಇದೆ. ಇನ್ನೂ 0.15 ತೆಗೆದರೆ 1.55. ಉಕ್ಕಿಗೆ ಇದು ನೆಮ್ಮದಿಯ ಅಂಕಿ. ಕೆಲಸದ ಕೊನೆಗೆ 1.2 ಮಿ.ಮೀ.ಗಿಂತ ಕಡಿಮೆ ಉಳಿಯುವಂತಿದ್ದರೆ ಆ ಫ್ರೇಮನ್ನು ಮುಟ್ಟದಿರುವುದು ನಮ್ಮ ಪದ್ಧತಿ. ಅಲ್ಯೂಮಿನಿಯಂಗೆ ಇನ್ನೂ ಹೆಚ್ಚು ಬಿಡುತ್ತೇವೆ. ತೆಳುವಾದ ಗೋಡೆ ಒಂದು ಬೀಳಿಗೆ ಒಳಕ್ಕೆ ಕುಸಿದರೆ ಮ್ಯಾಗಜೀನ್ ಸಿಕ್ಕಿಕೊಳ್ಳುತ್ತದೆ.

ಹಿಡಿಸುವುದು, ಕೊರೆಯುವುದು

ಫ್ರೇಮನ್ನು ನೇರವಾಗಿ ವೈಸಿನಲ್ಲಿ (ಮೇಜಿಗೆ ಕೂರಿಸಿದ ಬಿಗಿ ಹಿಡಿಕೆಯಲ್ಲಿ) ಕಚ್ಚಿಸಬೇಡಿ. ಮ್ಯಾಗಜೀನ್ ಹೋಗುವ ಟೊಳ್ಳಿಗೆ ಸರಿಯಾಗಿ ಜಾರಿ ಕೂರುವಂತೆ ಗಟ್ಟಿ ಮರ ಅಥವಾ ಅಲ್ಯೂಮಿನಿಯಂನ ಒಂದು ತುಂಡು ಮಾಡಿ. ಅದರ ತುದಿ ಕೆಳಗೆ ಹೊರಬಂದಿರಲಿ. ವೈಸ್ ಆ ತುಂಡನ್ನು ಹಿಡಿಯಬೇಕು, ಫ್ರೇಮನ್ನಲ್ಲ. ತೆಳು ಗೋಡೆಗೆ ಒಳಗಿನಿಂದ ಆಸರೆಯೂ ಸಿಕ್ಕಿತು. ಸ್ಲೈಡ್ ಓಡುವ ಹಳಿಗಳಿಗೂ ಚೆಕರಿಂಗ್‌ನ ಅಂಚಿನಾಚೆಯ ನಯ ಮೈಗೂ ಎರಡು ಪದರ ಟೇಪ್ ಸುತ್ತಿ.

ಅರದ ಆಯ್ಕೆಗೆ ಬರೋಣ. ಚೆಕರಿಂಗ್ ಫೈಲ್ ಎಂಬ ಅರದಲ್ಲಿ ಹಲವು ಸಾಲು ಹಲ್ಲುಗಳು ಒಂದೇ ಅಂತರದಲ್ಲಿರುತ್ತವೆ. ಒಂದು ಸಾಲು ಹಳೆಯ ತೋಡಿನಲ್ಲಿ ಕೂತು ದಾರಿ ತೋರಿಸಿದರೆ ಮುಂದಿನದು ಕೊರೆಯುತ್ತದೆ. ಹೊಸದಾಗಿ ಚೆಕರಿಂಗ್ ಹಾಕಲು ಇದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಆದರೆ ಹಳೆಯದನ್ನು ಸರಿಪಡಿಸುವಾಗ ಫೈಲಿನ ಅಂತರವೂ ಫ್ರೇಮಿನ ಅಂತರವೂ ನಿಜಕ್ಕೂ ಒಂದೇ ಎಂದು ಖಾತ್ರಿಯಾಗಬೇಕು. ಯಂತ್ರದಲ್ಲಿ 1.25 ಮಿ.ಮೀ. ಅಂತರಕ್ಕೆ ಕೊರೆದ ಫ್ರೇಮಿನ ಮೇಲೆ 1.27 ಮಿ.ಮೀ. ಫೈಲ್ ಇಟ್ಟರೆ ಒಂದು ಗೀರಿಗೆ 0.02 ಮಿ.ಮೀ. ತಪ್ಪು, ಹತ್ತು ಗೀರಿನ ಹೊತ್ತಿಗೆ 0.2. ಅಷ್ಟರಲ್ಲಿ ಹಲ್ಲುಗಳು ತೋಡು ಬಿಟ್ಟು ಇಳಿಜಾರನ್ನು ತಿನ್ನತೊಡಗಿರುತ್ತವೆ. ಸ್ಕ್ರೂ ಎಳೆ ಅಳೆಯುವ ಗೇಜನ್ನು ಗೀರುಗಳ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿ. ಅದರ ಹಲ್ಲುಗಳು ಗೀರಿನ ಸಾಲಿನುದ್ದಕ್ಕೂ ತೋಡಿನ ನಡುವಿನಲ್ಲೇ ಕೂತರೆ ಅಂತರ ಸರಿ. ಅನುಮಾನವಿದ್ದರೆ ಒಂದೇ ಅಂಚಿನ ಅರದಿಂದ ಒಂದೊಂದೇ ಗೀರು ಮಾಡಿ. ನಿಧಾನ, ಆದರೆ ತಪ್ಪು ಒಂದು ಗೀರಿನಿಂದ ಮುಂದಿನದಕ್ಕೆ ಹರಿಯುವುದಿಲ್ಲ.

ಶುರು ಮಾಡುವ ಮೊದಲು ಇಡೀ ಭಾಗಕ್ಕೆ ನೀಲಿ ಮಾರ್ಕಿಂಗ್ ಬಣ್ಣ ಹಚ್ಚಿ ಒಣಗಿಸಿ. ಇದು ಈ ಕೆಲಸದ ಅತ್ಯುತ್ತಮ ಅಳತೆಗೋಲು. ಅರ ತೋಡಿನ ಇಳಿಜಾರನ್ನು ಕತ್ತರಿಸಿದಂತೆ ಅಲ್ಲಿಯ ನೀಲಿ ಹೋಗುತ್ತದೆ, ಡೈಮಂಡಿನ ತಲೆಯ ಚಪ್ಪಟೆಯ ಮೇಲೆ ಮಾತ್ರ ಉಳಿಯುತ್ತದೆ. ನೀಲಿ ಚೌಕ ಎಷ್ಟು ದೊಡ್ಡದೋ ಅಷ್ಟು ಕೆಲಸ ಬಾಕಿ. ಇಳಿಜಾರಿನ ಒಂದೇ ಬದಿಯ ನೀಲಿ ಹೋಗುತ್ತಿದ್ದರೆ ಅರ ವಾಲಿದೆ ಎಂದು ಮೊದಲ ಎರಡು ಎಳೆತದಲ್ಲೇ ಗೊತ್ತಾಗುತ್ತದೆ. ಬಣ್ಣವಿಲ್ಲದೆ ಹೋದರೆ ಡೈಮಂಡ್‌ಗಳು ಒಂದು ಕಡೆಗೆ ಬಾಗಿದ ಮೇಲೆಯೇ ಗೊತ್ತಾಗುವುದು.

ಅರಕ್ಕೆ ಸೀಮೆಸುಣ್ಣ ಉಜ್ಜಿ. ಹಲ್ಲಿನ ನಡುವೆ ಲೋಹದ ಪುಡಿ ಸಿಕ್ಕಿ ಗಟ್ಟಿಯಾದರೆ ಅದು ಒಂದೇ ಎಳೆತದಲ್ಲಿ ಇಡೀ ಇಳಿಜಾರಿಗೆ ಗಾಯ ಮಾಡುತ್ತದೆ. ಅಲ್ಯೂಮಿನಿಯಂನಲ್ಲಂತೂ ಇದು ಪದೇ ಪದೇ ಆಗುತ್ತದೆ. ಅರ ಮುಂದೆ ತಳ್ಳುವಾಗ ಮಾತ್ರ ಕತ್ತರಿಸುತ್ತದೆ. ಹಿಂದಕ್ಕೆ ಬರುವಾಗ ಎತ್ತಿ ತನ್ನಿ. ಒತ್ತಿ ಎಳೆದರೆ ಹಲ್ಲು ಮೊಂಡಾಗುತ್ತದೆ. ಪ್ರತಿ ಗೀರಿಗೂ ಮೂರೇ ತಳ್ಳು, ಒತ್ತಡ ಒಂದೇ ಸಮ. ಒಂದು ದಿಕ್ಕಿನ ಎಲ್ಲ ಗೀರು ಮುಗಿದ ಮೇಲೆ ಇನ್ನೊಂದು ದಿಕ್ಕು, ಮತ್ತೆ ಮೊದಲನೆಯದು. ಒಂದೇ ದಿಕ್ಕನ್ನು ಪೂರ್ತಿ ಆಳಕ್ಕೆ ಇಳಿಸಿ ಆಮೇಲೆ ಇನ್ನೊಂದಕ್ಕೆ ಹೋದರೆ ಅಡ್ಡ ತೋಡುಗಳಿಗೆ ಸುಣಗು (ಕತ್ತರಿಸಿದ ಅಂಚಿನಲ್ಲಿ ಏಳುವ ಲೋಹದ ಸಣ್ಣ ಮುಳ್ಳು) ನುಗ್ಗಿ ಮಡಚಿಕೊಳ್ಳುತ್ತದೆ, ದಾರಿಯೇ ಮುಚ್ಚಿಹೋಗುತ್ತದೆ.

ಹಿಡಿಯ ಮುಂಬದಿ ಅಡ್ಡಲಾಗಿ ಬಾಗಿದೆ ಎಂಬುದನ್ನು ಕೈ ಮರೆಯಬಾರದು. ಉದ್ದ ಗೀರುಗಳಲ್ಲಿ, ಕೊರೆಯುತ್ತಿರುವ ಗೀರು ಯಾವಾಗಲೂ ನೆತ್ತಿಯ ಮೇಲೆ ಬರುವಂತೆ ಫ್ರೇಮನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋಗಬೇಕು. ಅಡ್ಡ ಗೀರುಗಳಲ್ಲಿ ಅರವನ್ನು ನೇರ ತಳ್ಳಿದರೆ ನಡುವೆ ಆಳ, ಎರಡು ಕೊನೆಗಳಲ್ಲಿ ಬರೀ ಗೆರೆ. ಬಾಗಿನ ಜೊತೆಗೇ ಮಣಿಕಟ್ಟು ಹೊರಳುತ್ತಾ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಬೇಕು.

ಸವೆತ ಎಲ್ಲೆಡೆ ಒಂದೇ ಇರುವುದಿಲ್ಲ ಎಂಬುದೇ ಇಡೀ ಕೆಲಸದ ಕಷ್ಟದ ಜಾಗ. ಬೆರಳುಗಳು ಒತ್ತುವ ನಡುಭಾಗದಲ್ಲಿ ಚಪ್ಪಟೆ 0.4 ಮಿ.ಮೀ. ಇರಬಹುದು, ಅಂಚಿನಲ್ಲಿ 0.1. ನಡುವಿನದು ಪೂರ್ತಿ ಮೊನೆಯಾಗುವವರೆಗೆ ಎಲ್ಲ ಕಡೆ ಸಮನಾಗಿ ಇಳಿಸಿದರೆ ಅಂಚಿನ ಡೈಮಂಡ್‌ಗಳು ಎಂದೋ ಮೊನೆಯಾಗಿ, ಆಮೇಲೆ ಎತ್ತರವನ್ನೇ ಕಳೆದುಕೊಳ್ಳುತ್ತವೆ. ನೀಲಿಯನ್ನು ನೋಡುತ್ತಾ, ಬೇಕಾದಲ್ಲಿ ಗೀರಿನ ನಡುಭಾಗಕ್ಕೆ ಮಾತ್ರ ಹೆಚ್ಚು ತಳ್ಳು ಕೊಡಿ. ಅತಿ ಸವೆದ ಕಡೆ 0.1 ಅಥವಾ 0.15 ಮಿ.ಮೀ. ಚಪ್ಪಟೆ ಉಳಿದರೆ ಅದನ್ನು ಹಾಗೇ ಬಿಡಿ. ಕಣ್ಣಿಗೆ ಅದು ಕಾಣುವುದು ಕಷ್ಟ, ಕೈಗೆ ಹಿಡಿತ ಪೂರ್ತಿ ಸಿಗುತ್ತದೆ. ಪೂರ್ಣತೆಯ ಆಸೆಗೆ ಬಿದ್ದು ಈ ಕೊನೆಯ ಎಳೆಯನ್ನು ತೆಗೆಯಹೊರಟಾಗಲೇ ಒಳ್ಳೆಯ ಫ್ರೇಮುಗಳು ಹಾಳಾಗುತ್ತವೆ.

ಟ್ರಿಗರ್ ಗಾರ್ಡಿನ ಕೆಳಗೆ ಗೀರು ಮುಗಿಯುವಲ್ಲಿ ಅರ ತಲುಪುವುದಿಲ್ಲ. ಅಲ್ಲಿ ಕೊನೆಯ ಎರಡು ಮೂರು ಮಿಲಿಮೀಟರನ್ನು ಬಾಗಿದ ರಿಫ್ಲರ್ ಅರ ಅಥವಾ ಕೆತ್ತನೆಯ ಉಳಿಯಿಂದ, ಅಂಚಿನಿಂದ ಒಳಮುಖವಾಗಿ ಮಾಡಬೇಕು. ಹೊರಮುಖವಾಗಿ ತಳ್ಳಿದ ಉಳಿ ಜಾರಿದರೆ ನಯ ಮೈಮೇಲೆ ಉದ್ದ ಗೀರು ಬೀಳುತ್ತದೆ, ಅದನ್ನು ಮುಚ್ಚಲು ಇನ್ನಷ್ಟು ಲೋಹ ತೆಗೆಯಬೇಕಾಗುತ್ತದೆ. ಏಟು ಬಿದ್ದು ನಜ್ಜಾದ ಒಂದೆರಡು ಡೈಮಂಡ್ ಇದ್ದರೆ ಅವುಗಳ ಸುತ್ತಲಿನ ತೋಡು ಬಿಡಿಸಿ ಅಲ್ಲಿಗೇ ನಿಲ್ಲಿಸಿ. ಅವುಗಳ ಮಟ್ಟಕ್ಕೆ ಉಳಿದ ನೂರನ್ನು ಇಳಿಸುವುದು ಸರಿಯಲ್ಲ.

ಕೊರೆದ ಮೇಲೆ

ಅರದಿಂದ ಬಂದ ಮೊನೆ ಚರ್ಮವನ್ನು ಹೆರೆಯುತ್ತದೆ. 400 ನಂಬರಿನ ಕಾಗದವನ್ನು ಮೆತ್ತನೆಯ ರಬ್ಬರಿನ ಮೇಲೆ ಸುತ್ತಿ ಎರಡು ಮೂರು ಸಲ ಹಗುರವಾಗಿ ಸವರಿ, ಆಮೇಲೆ ಹಿತ್ತಾಳೆ ಬ್ರಷ್. ಹತ್ತಿಯ ಉಂಡೆಯನ್ನು ಎಲ್ಲ ದಿಕ್ಕಿಗೂ ಎಳೆಯಿರಿ. ಎಲ್ಲಿ ನೂಲು ಸಿಕ್ಕಿತೋ ಅಲ್ಲಿ ಸುಣಗಿದೆ.

ಬ್ಲೂಯಿಂಗ್ (ತುಕ್ಕು ತಡೆಯುವ ಕಡುನೀಲಿ ಪದರ) ಇದ್ದ ಉಕ್ಕಾದರೆ ಕೊರೆದ ಭಾಗ ಬೆಳ್ಳಗೆ ನಿಂತಿರುತ್ತದೆ. ಕೋಲ್ಡ್ ಬ್ಲೂ ದ್ರಾವಣ ತಾತ್ಕಾಲಿಕ: ಜಿಡ್ಡು ಪೂರ್ತಿ ತೆಗೆದು, ಲೋಹವನ್ನು ಕೈಗೆ ಬೆಚ್ಚಗಾಗುವಷ್ಟು ಕಾಯಿಸಿ ಹಚ್ಚಬೇಕು, ಕೈ ಹಿಡಿಯುವ ಜಾಗವಾದ್ದರಿಂದ ಬೇಗ ಸವೆಯುತ್ತದೆ. ಬಾಳಿಕೆ ಬೇಕಿದ್ದರೆ ಸುಮಾರು 140 ಡಿಗ್ರಿ ಸೆಲ್ಸಿಯಸ್ಸಿನ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣದ ಬಿಸಿ ಬ್ಲೂಯಿಂಗ್, ಅದೂ ಅದಕ್ಕೆಂದೇ ಸಜ್ಜಾದ ಕಾರ್ಯಾಗಾರದಲ್ಲಿ. ಆ ಲವಣ ತೋಡುಗಳಲ್ಲಿ ಉಳಿದರೆ ಕೆಲವೇ ದಿನಗಳಲ್ಲಿ ಉಕ್ಕಿಬಂದು ತುಕ್ಕು ಶುರುವಾಗುತ್ತದೆ. ಕುದಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ನೀರನ್ನು ಹೊರದೂಡುವ ಎಣ್ಣೆ ಹಾಕಬೇಕು. ಅಲ್ಯೂಮಿನಿಯಂ ಫ್ರೇಮನ್ನು ಆ ತೊಟ್ಟಿಗೆ ಎಂದಿಗೂ ಇಳಿಸಬಾರದು. ಕಾಸ್ಟಿಕ್ ಅದನ್ನು ಕರಗಿಸಿಬಿಡುತ್ತದೆ.

ಸ್ಟೇನ್‌ಲೆಸ್‌ಗೆ ಬಣ್ಣದ ಗೋಜಿಲ್ಲ, ಆದರೆ ಸಾಮಾನ್ಯ ಉಕ್ಕಿಗೆ ಬಳಸಿದ ಅರವನ್ನೇ ಅದಕ್ಕೂ ಬಳಸಿದರೆ ಕಬ್ಬಿಣದ ಕಣ ಅಂಟಿ ತೋಡಿನ ತಳದಲ್ಲಿ ಕಂದು ಚುಕ್ಕೆ ಏಳುತ್ತದೆ. ಬೇರೆ ಅರ ಇಟ್ಟುಕೊಳ್ಳಿ, ಕೊನೆಗೆ ಸಿಟ್ರಿಕ್ ಆಮ್ಲದಲ್ಲಿ ಪ್ಯಾಸಿವೇಟ್ ಮಾಡಿಸಿ, ಅಂದರೆ ಅಂಟಿದ ಕಬ್ಬಿಣದ ಕಣ ಕರಗಿಸಿ ತೆಗೆಸಿ.

ಅಲ್ಯೂಮಿನಿಯಂನದು ಬೇರೆಯೇ ತೊಡಕು. ಅದರ ಆನೊಡೈಸ್ ಪದರ (ವಿದ್ಯುತ್ತಿನಿಂದ ಮೈಮೇಲೆ ಬೆಳೆಸಿದ ಆಕ್ಸೈಡ್) ಬಲು ಗಟ್ಟಿ. ಅರ ಮೊದಲು ಅದರ ಮೇಲೆ ಜಾರುತ್ತದೆ, ಪದರ ಒಡೆದ ಕ್ಷಣ ಕೆಳಗಿನ ಮೃದು ಲೋಹಕ್ಕೆ ಆಳವಾಗಿ ಇಳಿಯುತ್ತದೆ. ಆದ್ದರಿಂದ ಮೊದಲು ಆನೊಡೈಸ್ ತೆಗೆಸಿ, ನಂತರ ಕೊರೆದು, ಮತ್ತೆ ಆನೊಡೈಸ್ ಮಾಡಿಸಬೇಕು. ಕ್ರಮ ಹಿಂದುಮುಂದಾದರೆ, ಪದರ ತೆಗೆಯುವ ದ್ರಾವಣವೇ ಹೊಸ ಮೊನೆಗಳನ್ನು ಉರುಟು ಮಾಡುತ್ತದೆ. ಹಾರ್ಡ್ ಆನೊಡೈಸ್ ಚೂಪು ಅಂಚಿನಲ್ಲಿ ಬಿರುಕು ಬಿಡುವುದರಿಂದ ಮೊನೆಗಳನ್ನು ಉಕ್ಕಿಗಿಂತ ಮೊಂಡಾಗಿಯೇ ಬಿಡಿ.

ಮರದ ಪ್ಯಾನೆಲ್

ಮರ ನಮಗೆ ಲೋಹ ಕೊಡದ ಒಂದು ಅನುಕೂಲ ಕೊಡುತ್ತದೆ: ಒತ್ತಿಹೋದ ನಾರು ಮತ್ತೆ ಏಳುತ್ತದೆ. ಹಾಗಾಗಿ ಮೊದಲು ಅಸಿಟೋನ್ ಮತ್ತು ಹಲ್ಲುಜ್ಜುವ ಬ್ರಷ್‌ನಿಂದ ಹಳೆಯ ವಾರ್ನಿಷ್ ತೆಗೆದು, ಒದ್ದೆ ಬಟ್ಟೆ ಹೊದಿಸಿ, ಕಾದ ಇಸ್ತ್ರಿಪೆಟ್ಟಿಗೆಯ ತುದಿಯಿಂದ ಕ್ಷಣ ಕ್ಷಣ ಮುಟ್ಟಿಸಿ ಹಬೆ ಕೊಡಿ. ಜಜ್ಜಿದ ಡೈಮಂಡ್‌ಗಳು ಬಹಳಷ್ಟು ಎದ್ದು ಬರುತ್ತವೆ. ಕಿತ್ತುಹೋದದ್ದು ಬರುವುದಿಲ್ಲ. ಒಂದು ದಿನ ಒಣಗಲು ಬಿಟ್ಟು ಆಮೇಲಷ್ಟೇ ಉಪಕರಣ ಮುಟ್ಟಿಸಿ; ಒದ್ದೆ ನಾರು ಕತ್ತರಿಸುವುದಿಲ್ಲ, ಹರಿಯುತ್ತದೆ.

ಕೊರೆಯಲು ಒಂದೇ ಸಾಲಿನ ಕಟರ್, ಮೊದಲು 60 ಡಿಗ್ರಿ, ಮುಗಿಸಲು 90. ಮರದ ನಾರು ಗೀರಿಗೆ ಓರೆಯಾಗಿರುವ ದಿಕ್ಕಿನಲ್ಲಿ ಕಟರ್ ನಾರಿನ ಜೊತೆ ಸರಿಯಲು ನೋಡುತ್ತದೆ. ಆಗ ಒತ್ತಡ ಕಡಿಮೆ ಮಾಡಿ, ಎದುರು ದಿಕ್ಕಿನಿಂದ ಬನ್ನಿ. ಅಂಚಿಗೆ 3 ಮಿ.ಮೀ. ಇರುವಾಗ ನಿಲ್ಲಿಸಿ, ಉಳಿದದ್ದನ್ನು ಅಂಚಿನಿಂದ ಒಳಕ್ಕೆ ಮಾಡಿ. ಬೆಳಕು ಒಂದು ಬದಿಯಿಂದ ತಗ್ಗಾಗಿ ಬೀಳಲಿ, ಮೇಲಿನಿಂದ ಬಿದ್ದರೆ ಆಳ ತಿಳಿಯುವುದಿಲ್ಲ. 1911ರ ಹಳೆಯ ವಾಲ್‌ನಟ್ ಪ್ಯಾನೆಲ್‌ಗಳಲ್ಲಿ ಎರಡು ಸ್ಕ್ರೂಗಳ ಸುತ್ತ ಗೀರಿಲ್ಲದ ದೊಡ್ಡ ಡೈಮಂಡ್ ಆಕಾರ ಬಿಟ್ಟಿರುತ್ತಾರೆ. ಅದರ ಅಂಚು ಒಂದೇ ಒಂದು ಗೀರು ದಾಟಿದರೂ ಎದ್ದು ಕಾಣುತ್ತದೆ. ಹಾರಿಹೋದ ಡೈಮಂಡಿಗೆ ಅದೇ ಮರದ ಪುಡಿಯನ್ನು ಎಪಾಕ್ಸಿಯಲ್ಲಿ ಕಲಸಿ ತುಂಬಿ, ಗಟ್ಟಿಯಾದ ಮೇಲೆ ಕೊರೆಯಬಹುದು. ಬೀಟೆ ಜಾತಿಯ ಮರಗಳ ಧೂಳು ಕೆಲವರಿಗೆ ಚರ್ಮದ ಹಾಗೂ ಉಸಿರಾಟದ ಅಲರ್ಜಿ ತರುತ್ತದೆ, ಮಾಸ್ಕ್ ಬೇಕು.

ಕೊನೆಗೆ ಅರ್ಧಕ್ಕರ್ಧ ತೆಳು ಮಾಡಿದ ಅಗಸೆ ಎಣ್ಣೆ ಅಥವಾ ಟಂಗ್ ಎಣ್ಣೆಯನ್ನು ಬ್ರಷ್‌ನಿಂದ ಹಚ್ಚಿ, ಹತ್ತು ನಿಮಿಷದಲ್ಲಿ ಒಣ ಬ್ರಷ್‌ನಿಂದ ಹೆಚ್ಚಿನದನ್ನು ತೆಗೆದುಬಿಡಿ. ತೋಡಿನಲ್ಲಿ ನಿಂತ ಎಣ್ಣೆ ಗೋಂದಾಗಿ ನಿಮ್ಮ ಶ್ರಮವನ್ನು ಮುಚ್ಚುತ್ತದೆ. ಅಗಸೆ ಎಣ್ಣೆಯ ಬಟ್ಟೆಯನ್ನು ಉಂಡೆ ಮಾಡಿ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಬಯಲಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಸಭಿಕರ ಪ್ರಶ್ನೆಗಳಿಂದ

*ಹಳೆಯ ಬೇಕಲೈಟ್ (ಹಳೆ ಕಾಲದ ಗಟ್ಟಿ ಪ್ಲಾಸ್ಟಿಕ್), ಗಟ್ಟಿ ರಬ್ಬರಿನ ಪ್ಯಾನೆಲ್‌ಗಳನ್ನೂ ಹೀಗೆಯೇ ಮಾಡಬಹುದೇ?*

ಬೇಡ. ಎರಡೂ ಹಳತಾದಂತೆ ಪೆಡಸಾಗುತ್ತವೆ, ಕಟರ್ ತಾಗಿದರೆ ಡೈಮಂಡ್ ಹಾರುತ್ತದೆ. ಹಳೆಯ ಬೇಕಲೈಟಿನ ಕೆಲವು ಬಗೆಗಳಲ್ಲಿ ಆಸ್ಬೆಸ್ಟಾಸ್ ಬೆರೆಸುತ್ತಿದ್ದರು, ಅದರ ಧೂಳು ಎಬ್ಬಿಸುವುದೇ ಅಪಾಯ. ಸಾಬೂನು ನೀರು, ಮೆತ್ತನೆಯ ಬ್ರಷ್, ಅಷ್ಟೇ.

*ಪಾಲಿಮರ್ ಫ್ರೇಮ್?*

ಅಚ್ಚಿನಲ್ಲೇ ಮೂಡಿದ ವಿನ್ಯಾಸವದು, ಆಳ ತೀರಾ ಕಡಿಮೆ. ಅರ ಹಾಕಿದರೆ ಪ್ಲಾಸ್ಟಿಕ್ ಎಳೆ ಎಳೆಯಾಗಿ ಏಳುತ್ತದೆಯೇ ಹೊರತು ಮೊನೆ ಬರುವುದಿಲ್ಲ. ಹಿಡಿಗೆ ಅಂಟಿಸುವ ಒರಟು ಪಟ್ಟಿ ಹಾಕಿಕೊಳ್ಳುವುದು ಮೇಲು, ಬೇಡವಾದಾಗ ತೆಗೆಯಲೂ ಬರುತ್ತದೆ.

*ಸಂಗ್ರಹ ಯೋಗ್ಯ ಹಳೆಯ ಪಿಸ್ತೂಲಾದರೆ?*

ತೊಳೆಯಿರಿ, ಎಣ್ಣೆ ಹಚ್ಚಿ, ಅಲ್ಲಿಗೆ ನಿಲ್ಲಿಸಿ. ಸಂಗ್ರಾಹಕರಿಗೆ ಬೇಕಾದದ್ದು ಕಾರ್ಖಾನೆಯಲ್ಲಿ ಬಿದ್ದ ಗೀರು, ಅದು ಸವೆದಿದ್ದರೂ ಸರಿ. ಹೊಸದಾಗಿ ಕೊರೆದ ಗೀರನ್ನು ಅವರು ಲೂಪಿನಲ್ಲಿ ಕೂಡಲೇ ಗುರುತಿಸುತ್ತಾರೆ: ತೋಡಿನ ತಳ ಹೊಳೆಯುತ್ತದೆ, ಅರದ ಸಣ್ಣ ಗೆರೆಗಳು ಇಳಿಜಾರಿನ ಉದ್ದಕ್ಕೂ ಓಡುತ್ತವೆ. ಹಿಡಿತ ಬೇಕೇ ಬೇಕೆಂದಿದ್ದರೆ ಮೂಲ ಪ್ಯಾನೆಲ್ ಮತ್ತು ಹೌಸಿಂಗ್ ಬಿಚ್ಚಿ ಜೋಪಾನವಾಗಿಟ್ಟು, ಬಳಕೆಗೆ ಬೇರೆಯವನ್ನು ಹಾಕಿ. ಫ್ರೇಮಿನ ಮುಂಬದಿಗೆ ಬದಲಿ ಇಲ್ಲ, ಅದನ್ನು ಹಾಗೇ ಬಿಡಿ.